ನೆಟ್ಟಲ್ಲಿ ಸಿಗದೇ ಇರೋದನ್ನ ಬರೆಸಿ: ಕಾಲೇಜು ಹುಡುಗ್ರ ಬ್ಲಾಗ್ ಬಗ್ಗೆ ಒಂದಿಷ್ಟು ಮಾತು

(ಪದವಿ ಕಾಲೇಜು ಅಧ್ಯಾಪಕರ ಕಾರ್ಯಾಗಾರವೊಂದರಲ್ಲಿ ಆಡಿದ ಮಾತಿನ ಬರಹ ರೂಪ. ರೆಕಾರ್ಡಿಂಗ್ ಕೇಳ್ಕೊಂಡು ಟೈಪ್ ಮಾಡಿದ್ದು. ಮೈಕ್ ಕೈಕೊಟ್ಟ ಕಡೆ ನೆನಪಿಂದ ತುಂಬಿಸಿದೀನಿ, ಅಲ್ಲಲ್ಲಿ ಒಂದೆರಡು ಮಾತು ಸೇರ್ಸಿದೀನಿ.)

ಎಲ್ರಿಗೂ ನಮಸ್ಕಾರ. ಆಹ್ವಾನ ಪತ್ರಿಕೆಲಿ ನನ್ನ ವಿಷಯ ‘ಉನ್ನತ ಶಿಕ್ಷಣದಲ್ಲಿ ಡಿಜಿಟಲ್ ತಂತ್ರಜ್ಞಾನದ ಪರಿಣಾಮಕಾರಿ ಬಳಕೆ’ ಅಂತ ಹಾಕಿದಾರೆ. ಅಷ್ಟು ದೊಡ್ಡ ವಿಷಯ ನನ್ನ ಕೈಲಿ ಆಗಲ್ಲ. ನಾನು ಕನ್ನಡ ಪಾಠ ಮಾಡೋನು, ಶಿವಮೊಗ್ಗ ಜಿಲ್ಲೆಯ ಒಂದು ತಾಲ್ಲೂಕು ಕಾಲೇಜಲ್ಲಿ, ಬಿಎ ಬಿಕಾಂ ಮಕ್ಕಳಿಗೆ. ಅವ್ರ ಹತ್ರ ಬ್ಲಾಗ್ ಬರೆಸ್ತೀನಿ. ಅದರಿಂದ ಗೊತ್ತಾಗಿರೋದು ಏನು ಅಷ್ಟನ್ನ ಹೇಳ್ತೀನಿ, ಅದ್ರಲ್ಲೂ ಮುಖ್ಯವಾಗಿ ಒಂದೇ ಮಾತು, ಸ್ವಲ್ಪ ಹೊತ್ತಾದ್ಮೇಲೆ ಬರುತ್ತೆ.

ಮೊದಲು ಒಂದು ಸತ್ಯ ಒಪ್ಕೊಂಡುಬಿಡೋಣ. ನಮ್ಮ ಕಾಲೇಜುಗಳಲ್ಲಿ ಡಿಜಿಟಲ್ ಅಂದ್ರೆ ಬಹುಪಾಲು ಏನು? ಹಿಂದೆ ನೋಟ್ಸ್ ಡಿಕ್ಟೇಟ್ ಮಾಡ್ತಿದ್ವಿ, ಈಗ ಅದೇ ನೋಟ್ಸ್ ಪಿಡಿಎಫ್ ಆಗಿ ವಾಟ್ಸಾಪ್ ಗ್ರೂಪಿಗೆ ಹೋಗುತ್ತೆ. ಬೋರ್ಡ್ ಮೇಲೆ ಬರೀತಿದ್ದಿದ್ದು ಪಿಪಿಟಿ ಆಯ್ತು, ಅದೂ ಸ್ಲೈಡ್ ತುಂಬ ಅಕ್ಷರ, ನಾವು ಅದನ್ನ ಓದ್ತೀವಿ, ಹುಡುಗ್ರು ಫೋಟೋ ತಕ್ಕೊಂತಾರೆ, ಆ ಫೋಟೋನ ಮತ್ತೆ ಯಾರೂ ತೆಗೆದು ನೋಡಲ್ಲ. ಸ್ಮಾರ್ಟ್ ಬೋರ್ಡ್ ಬಂದಿರೋ ಕಾಲೇಜುಗಳಲ್ಲಿ ಅದಕ್ಕೊಂದು ಬಟ್ಟೆ ಹೊದ್ಸಿ, ರೂಮಿಗೆ ಬೀಗ ಹಾಕಿ, ಬೀಗದ ಕೈ ಆಫೀಸಲ್ಲಿ. ನಗಬೇಡಿ ಮೇಡಂ, ನಿಮ್ಮಲ್ಲೂ ಹಂಗೇ ಇರುತ್ತೆ.

ಸರ್ಕಾರ ಏನೂ ಕೊಟ್ಟಿಲ್ಲ ಅಂತ ಅಲ್ಲ. 2020ರಲ್ಲಿ ಕೊರೊನಾ ಬಂದು ಕಾಲೇಜು ಮುಚ್ಚಿದಾಗ ನಮ್ಮ ಕಡೆ ಮಕ್ಕಳು ನೆಟ್ವರ್ಕ್ ಹುಡುಕ್ಕೊಂಡು ಗುಡ್ಡ ಹತ್ತಿದ್ದು, ಮಳೇಲಿ ಕೊಡೆ ಹಿಡ್ಕೊಂಡು ರಸ್ತೆ ಪಕ್ಕ ಕೂತು ಕ್ಲಾಸ್ ಕೇಳಿದ್ದು, ‘ನೆಟ್ವರ್ಕ್ ಇಲ್ಲದಿದ್ರೆ ವೋಟಿಲ್ಲ’ ಅಂತ ಮಲೆನಾಡಲ್ಲಿ ಬೋರ್ಡ್ ಬಿದ್ದಿದ್ದು ಎಲ್ಲ ನಿಮ್ಗೆ ಗೊತ್ತು. 2021ರಲ್ಲಿ ಸರ್ಕಾರಿ ಪದವಿ ಕಾಲೇಜಿನ ಮಕ್ಕಳಿಗೆ ಟ್ಯಾಬ್ಲೆಟ್ ಬಂತು, ಪಾಠ ಆನ್‌ಲೈನಲ್ಲಿ ಇಡೋ ಎಲ್‌ಎಂಎಸ್ ಬಂತು, ಅದೇ ವರ್ಷ ಎನ್‌ಇಪಿ, ಅಂದ್ರೆ ಹೊಸ ರಾಷ್ಟ್ರೀಯ ಶಿಕ್ಷಣ ನೀತಿ ಜೊತೆ ಡಿಜಿಟಲ್ ಫ್ಲುಯೆನ್ಸಿ ಅಂತ ಪೇಪರೇ ಬಂತು. 2024ಕ್ಕೆ ಆ ನೀತಿಯ ನಾಲ್ಕು ವರ್ಷದ ಡಿಗ್ರಿ ಹೋಗಿ ಮತ್ತೆ ಮೂರು ವರ್ಷಕ್ಕೆ ಬಂದ್ವಿ. ಇದೆಲ್ಲ ಮೇಲಿಂದ ಬರೋದು, ಬರುತ್ತೆ ಹೋಗುತ್ತೆ, ನಮ್ಮ ಕೈಲಿಲ್ಲ. ಹುಡುಗ್ರ ಜೇಬಲ್ಲಿರೋ ಫೋನ್ ಮಾತ್ರ ಹೋಗಲ್ಲ, ಹಾಗಾಗಿ ನಾನು ಏನೇ ಮಾಡಿದ್ರೂ ಫೋನಲ್ಲಿ ಆಗೋ ಹಂಗಿದ್ರೆ ಮಾತ್ರ ಮಾಡ್ತೀನಿ. ಕಂಪ್ಯೂಟರ್ ಲ್ಯಾಬ್ ಬೇಕು ಅಂತ ಶುರುವಾಗೋ ಯಾವ ಯೋಜನೆನೂ ಕನ್ನಡ ವಿಭಾಗದಲ್ಲಿ ನಡೆಯಲ್ಲ, ಲ್ಯಾಬ್ ಯಾವಾಗ್ಲೂ ಬಿಸಿಎ ಅವ್ರದ್ದು.

ಬ್ಲಾಗ್ ಯಾಕೆ ಅಂತ. ನಮ್ಮ ಅಸೈನ್‌ಮೆಂಟ್ ಕಥೆ ನೋಡಿ. ಹುಡುಗಿ ಚಂದದ ಹಾಳೆ ತರ್ತಾಳೆ, ಅಂಚಿಗೆ ಬಣ್ಣದ ಗೆರೆ ಹಾಕ್ತಾಳೆ, ಕವಿ ಫೋಟೋ ಅಂಟಿಸ್ತಾಳೆ, ಹೋದ ವರ್ಷದ ಅಕ್ಕನ ಅಸೈನ್‌ಮೆಂಟ್ ನೋಡಿ ಇಳಿಸ್ತಾಳೆ. ನಾವು ಕೊನೆ ಪುಟದಲ್ಲಿ ಸಹಿ ಹಾಕಿ ಇಪ್ಪತ್ತಕ್ಕೆ ಹದಿನೆಂಟು ಕೊಡ್ತೀವಿ. ಆಮೇಲೆ ಆ ಕಟ್ಟು ಬೀರು ಸೇರುತ್ತೆ. ಮದುವೆ ಆಲ್ಬಮ್ಮಿನ ಹಾಗೆ, ಮಾಡಿಸೋವರೆಗೆ ಸಂಭ್ರಮ, ಆಮೇಲೆ ಧೂಳು. ಅದನ್ನ ಓದೋರು ಇಲ್ಲ ಅನ್ನೋದು ಹುಡುಗಿಗೂ ಗೊತ್ತು, ನಮಗೂ ಗೊತ್ತು, ಇಬ್ರೂ ಹೇಳಲ್ಲ.

ಅದೇ ಹುಡುಗಿಗೆ ನೀನು ಬರೆದಿದ್ದು ನಿಮ್ಮಣ್ಣ ಫೋನಲ್ಲಿ ಓದ್ತಾನೆ, ಬೆಂಗಳೂರಲ್ಲಿರೋ ನಿಮ್ಮ ಚಿಕ್ಕಪ್ಪ ಓದ್ತಾರೆ, ಊರಿನ ವಾಟ್ಸಾಪ್ ಗ್ರೂಪಲ್ಲಿ ಲಿಂಕ್ ಹೋಗುತ್ತೆ ಅಂದ್ರೆ ಬೇರೆ ಥರ ಬರೀತಾಳೆ. ಹೆದರ್ಕೊಂಡೇ ಬರೀತಾಳೆ, ಆದ್ರೆ ಬರೀತಾಳೆ. ‘ಸರ್ ಈ ಲೈನ್ ತೆಗೀಲಾ, ನಮ್ಮಜ್ಜಿ ಬೇಜಾರಾಗ್ತಾರೆ’ ಅಂತ ಒಬ್ಬಳು ಕೇಳಿದ್ಲು. ಅಸೈನ್‌ಮೆಂಟ್ ಬರೆಯೋವಾಗ ಯಾವ ವಿದ್ಯಾರ್ಥಿನೂ ನನಗೆ ಇಂಥ ಪ್ರಶ್ನೆ ಕೇಳಿರಲಿಲ್ಲ. ಓದೋರ ಮುಖ ಕಣ್ಣೆದುರು ಬಂದಾಗ ಮಾತ್ರ ಬರೋ ಪ್ರಶ್ನೆ ಅದು.

ಈಗ ಆ ಒಂದು ಮಾತಿಗೆ ಬರ್ತೀನಿ. ಏನು ಬರೆಸ್ಬೇಕು? ‘ಪರಿಸರ ಮಾಲಿನ್ಯ’, ‘ಮೊಬೈಲಿನ ದುಷ್ಪರಿಣಾಮಗಳು’, ‘ಕುವೆಂಪು ಅವರ ವಿಶ್ವಮಾನವ ಸಂದೇಶ’ ಇಂಥ ವಿಷಯ ಕೊಟ್ರೆ ಬ್ಲಾಗ್ ಆದ್ರೂ ಅಷ್ಟೆ ಹಾಳೆ ಆದ್ರೂ ಅಷ್ಟೆ, ಗೂಗಲ್ ಮಾಡಿ ಮೊದಲು ಸಿಕ್ಕಿದ್ದನ್ನ ಅಂಟಿಸ್ತಾರೆ, ಅದ್ರಲ್ಲಿ ಅವ್ರದ್ದೇನೂ ತಪ್ಪಿಲ್ಲ, ಅಷ್ಟೊಂದು ಬರೆದಿಟ್ಟಿರೋವಾಗ ಇನ್ನೊಂದ್ಸಲ ಬರಿ ಅಂದ್ರೆ ಯಾರಾದ್ರೂ ಏನು ಮಾಡ್ತಾರೆ. ಹಾಗಾಗಿ ನಾನು ಹುಡುಗ್ರಿಗೆ ಹೇಳೋ ನಿಯಮ ಇದೊಂದೇ: ವಿಷಯ ಆರಿಸ್ಕೋ, ನೆಟ್ಟಲ್ಲಿ ಹುಡುಕು, ಕನ್ನಡದಲ್ಲಿ ಅದರ ಬಗ್ಗೆ ಸರಿಯಾಗಿ ಏನಾದ್ರೂ ಸಿಕ್ಕಿದ್ರೆ ಆ ವಿಷಯ ಬಿಡು. ಸಿಗದೇ ಇದ್ರೆ ಅದೇ ನಿನ್ನ ವಿಷಯ.

ಈ ನಿಯಮ ಕೇಳಿ ಮೊದಲ ವಾರ ಹುಡುಗ್ರು ಕಂಗಾಲಾಗ್ತಾರೆ. ‘ಸರ್ ನೆಟ್ಟಲ್ಲಿ ಇಲ್ಲದ್ದು ನಮಗೇನು ಗೊತ್ತಿರುತ್ತೆ’ ಅಂತಾರೆ. ಈ ಮಾತು ಕೇಳಿದಾಗೆಲ್ಲ ನಂಗೆ ಸಂಕಟ ಆಗುತ್ತೆ. ಹದಿನೆಂಟು ವರ್ಷ ಒಂದು ಊರಲ್ಲಿ ಬದುಕಿರೋ ಹುಡುಗ, ತನಗೆ ಗೊತ್ತಿರೋದು ಯಾವ್ದೂ ಬರೆಯೋಕೆ ಲಾಯಕ್ಕಲ್ಲ ಅಂದ್ಕೊಂಡಿದಾನೆ. ನಾವೇ, ಒಂದನೇ ಕ್ಲಾಸಿಂದ ಪ್ರಬಂಧ ಬರೆಸಿ ಬರೆಸಿ, ಅವನಿಗೆ ಅದನ್ನ ಕಲಿಸಿರೋದು.

ಒಂದು ಉದಾಹರಣೆ ಬಿಡಿಸಿ ಹೇಳ್ತೀನಿ. ಮೊದಲ ಸೆಮಿಸ್ಟರ್ ಬಿಎ ಹುಡುಗಿ, ಅಡಿಕೆ ಸುಲಿಯೋದರ ಬಗ್ಗೆ ಬರೀತೀನಿ ಅಂದ್ಲು. ಅವಳ ತಾಯಿ ಸೀಸನ್ನಲ್ಲಿ ಬೇರೆಯವ್ರ ಮನೆಗೆ ಸುಲಿಯೋಕೆ ಹೋಗ್ತಾರೆ, ಇವಳೂ ಕಾಲೇಜು ಬಿಟ್ಟ ಮೇಲೆ ಹೋಗಿ ಕೂರ್ತಾಳೆ. ಮೊದಲು ತಂದಿದ್ದು ಹೇಗಿತ್ತು ಗೊತ್ತಾ? ‘ಅಡಿಕೆಯು ಕರ್ನಾಟಕದ ಪ್ರಮುಖ ವಾಣಿಜ್ಯ ಬೆಳೆಯಾಗಿದ್ದು ಮಲೆನಾಡು ಹಾಗೂ ಕರಾವಳಿ ಪ್ರದೇಶಗಳಲ್ಲಿ ಹೇರಳವಾಗಿ ಬೆಳೆಯಲಾಗುತ್ತದೆ.’ ಪೂರ್ತಿ ಹಾಗೇ. ಅವಳ ಕೈ ನೋಡಿದ್ರೆ ಬೆರಳ ತುದಿ ಎಲ್ಲ ಕಪ್ಪು, ಹಸಿ ಅಡಿಕೆ ಸುಲಿದ್ರೆ ಆಗೋ ಕಪ್ಪು, ನಮ್ಮ ಕಡೆಯವ್ರಿಗೆ ನೋಡಿದ ತಕ್ಷಣ ಗೊತ್ತಾಗುತ್ತೆ. ಆ ಕೈಯಿಂದ ಈ ವಾಕ್ಯ ಬಂದಿದೆ.

ನಾನು ಕೆಂಪು ಪೆನ್ ತೆಗೀಲಿಲ್ಲ. ಕೇಳ್ತಾ ಹೋದೆ. ಎಷ್ಟೊತ್ತಿಗೆ ಕೂರ್ತೀರಿ, ಹೇಗೆ ಕೂರ್ತೀರಿ, ಮೆಟ್ಟುಗತ್ತಿ ಯಾರದ್ದು, ಮನೆಯವ್ರು ಕೊಡ್ತಾರಾ ನೀವೇ ತಗೊಂಡು ಹೋಗ್ತೀರಾ, ಸುಲಿದಿದ್ದನ್ನ ಅಳೆಯೋ ಡಬ್ಬಕ್ಕೆ ಎಷ್ಟು ಕೊಡ್ತಾರೆ, ಡಬ್ಬ ತುಂಬೋವಾಗ ಜಗಳ ಆಗಲ್ವಾ, ಆ ಕಪ್ಪು ಹೇಗೆ ತೆಗೀತೀರಿ. ಎರಡನೇ ಸಲ ಬರ್ಕೊಂಡು ಬಂದಾಗ ಅದು ಬೇರೆನೇ ಬರಹ. ಮೆಟ್ಟುಗತ್ತಿ ಮಣೇನ ಕಾಲಲ್ಲಿ ಒತ್ತಿ ಹಿಡ್ಕೊಂಡು, ಅಡಿಕೆನ ಕತ್ತಿ ಬಾಯಿಗೆ ಕೊಟ್ಟು, ಮೂರು ಸಲ ತಿರುಗಿಸಿದ್ರೆ ಸಿಪ್ಪೆ ಒಂದು ಕಡೆ ಒಳಗಿನ ಅಡಿಕೆ ಒಂದು ಕಡೆ ಬೀಳ್ಬೇಕು, ನಾಲ್ಕನೇ ಸಲ ತಿರುಗಿಸಿದ್ರೆ ನೀನು ಹೊಸಬಳು ಅಂತ ಎಲ್ರಿಗೂ ಗೊತ್ತಾಗುತ್ತೆ ಅಂತ ಬರೆದಿದ್ಲು. ಡಬ್ಬ ಅಳೆಯೋವಾಗ ಮನೆ ಯಜಮಾನ್ರು ಅಲ್ಲಾಡಿಸಿ ಅಲ್ಲಾಡಿಸಿ ತುಂಬ್ತಾರೆ, ಅಮ್ಮ ಅದನ್ನ ನೋಡ್ತಾ ಏನೂ ಮಾತಾಡಲ್ಲ, ಮನೆಗೆ ಬರೋ ದಾರೀಲಿ ಮಾತಾಡ್ತಾಳೆ ಅಂತ ಬರೆದಿದ್ಲು. ಹುಣಸೆಹಣ್ಣು ಹಾಕಿ ತಿಕ್ಕಿದ್ರೂ ಕಪ್ಪು ಪೂರ್ತಿ ಹೋಗಲ್ಲ, ಎಕ್ಸಾಮ್ ಹಾಲಲ್ಲಿ ಮೇಡಂ ಹಾಲ್ ಟಿಕೆಟ್ ಕೇಳಿದಾಗ ಕೈ ಮಡಚಿ ಕೊಟ್ಟೆ ಅಂತ ಇತ್ತು. ಬೇಯಿಸೋ ಹಂಡೆ, ಬೇಯಿಸಿದಾಗ ಬಿಡೋ ಚೊಗರು ಅನ್ನೋ ರಸ, ರಾಶಿ ಬೆಟ್ಟೆ ಸರಕು ಗೊರಬಲು ಅಂತ ಅಡಿಕೆನ ದರ್ಜೆ ಪ್ರಕಾರ ಬೇರೆ ಬೇರೆ ಮಾಡೋದು, ಎಲ್ಲ ತಾನಾಗೇ ಬಂದಿತ್ತು, ಯಾವ್ದೂ ಗೂಗಲ್ಲಿಂದ ತಂದಿದ್ದಲ್ಲ. ಅಡಿಕೆ ರೇಟಿನ ಬಗ್ಗೆ ದಿನಾ ಪೇಪರಲ್ಲಿ ಬರುತ್ತೆ. ಸುಲಿಯೋಕೆ ಕೂರೋರು ಬರೆದಿದ್ದು ಎಲ್ಲಿದೆ?

ಇನ್ನೊಂದು, ಲಾಂಚ್ ಕಥೆ, ಹಿನ್ನೀರು ದಾಟಿಸೋ ದೊಡ್ಡ ದೋಣೀದು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಆದ್ಮೇಲೆ ಶರಾವತಿ ಹಿನ್ನೀರಿನ ಆಚೆ ಉಳಿದ ತುಮರಿ ಕಡೆಯ ಊರುಗಳಿಗೆ ಸಾಗರಕ್ಕೆ ಬರೋಕೆ ಲಾಂಚೇ ಗತಿ ಆಗಿತ್ತು. ಕಾಲೇಜಿಗೆ ಬರೋ ಹುಡುಗ ಬೆಳಿಗ್ಗೆ ಲಾಂಚ್ ಹಿಡೀಬೇಕಿತ್ತು, ಸಂಜೆ ಕೊನೆ ಲಾಂಚ್ ತಪ್ಪಿದ್ರೆ ಈ ದಡದಲ್ಲೇ ಯಾರದ್ದಾದ್ರೂ ಮನೆ. ಅಲ್ಲಿಂದ ಬರ್ತಿದ್ದ ಹುಡುಗನೊಬ್ಬ ಇದನ್ನೇ ಬರೆದ. ಬೇಸಿಗೇಲಿ ನೀರು ಇಳಿದ್ರೆ ಲಾಂಚಿಗೆ ಬಸ್ಸು ಕಾರು ಹತ್ಸಲ್ಲ, ಜನ ಮಾತ್ರ, ಸಿಗಂದೂರಿಗೆ ಬಂದ ಭಕ್ತರ ಗಲಾಟೆ ಮಧ್ಯೆ ಊರಿನವ್ರು ಮೂಲೇಲಿ ನಿಂತಿರ್ತಾರೆ, ಹೊಟ್ಟೆನೋವು ಅಂತ ರಾತ್ರಿ ಯಾರಾದ್ರೂ ಬಿದ್ರೆ ಏನಾಗುತ್ತೆ, ಇದೆಲ್ಲ. ಆಗ ಸೇತುವೆ ಕೆಲಸ ನಡೀತಿತ್ತು. 2025ರ ಜುಲೈನಲ್ಲಿ ಅಂಬಾರಗೋಡ್ಲು ಕಳಸವಳ್ಳಿ ಸೇತುವೆ ಓಪನ್ ಆಯ್ತು, ಈಗ ಕಾರಲ್ಲಿ ಕೆಲವೇ ನಿಮಿಷ. ಇನ್ನು ಹತ್ತು ವರ್ಷಕ್ಕೆ ಆ ಊರಿನ ಮಕ್ಕಳಿಗೆ ಲಾಂಚ್ ಕಾಯೋದು ಅಂದ್ರೆ ಏನು ಅನ್ನೋದೇ ಗೊತ್ತಿರಲ್ಲ. ಸೇತುವೆ ಉದ್ಘಾಟನೆ ಫೋಟೋ ಎಲ್ಲ ಕಡೆ ಸಿಗುತ್ತೆ. ಆ ಹುಡುಗ ಬರೆದಿರೋದು ಒಂದೇ ಕಡೆ ಇದೆ.

ನೀವು ಬಯಲುಸೀಮೆಯವ್ರು, ನಿಮ್ಮಲ್ಲಿ ಅಡಿಕೆ ಲಾಂಚ್ ಇಲ್ಲ ಅನ್ಬೇಡಿ. ಬೋರ್‌ವೆಲ್ ಲಾರಿ ಮೇಲೆ ಕೆಲಸಕ್ಕೆ ಹೋಗೋ ಅಣ್ಣ ಇರ್ತಾನೆ, ಗಾರ್ಮೆಂಟ್ಸಿಗೆ ಹೋಗೋ ಅಕ್ಕ ಇರ್ತಾಳೆ, ರೇಷ್ಮೆ ಹುಳಕ್ಕೆ ರಾತ್ರಿ ಎದ್ದು ಸೊಪ್ಪು ಹಾಕೋ ಅಮ್ಮ ಇರ್ತಾರೆ. ಕಾಮರ್ಸ್ ಪಾಠ ಮಾಡೋರಿಗಂತೂ ಸಂತೆ ಇದೆ, ಸ್ತ್ರೀಶಕ್ತಿ ಸಂಘದ ಲೆಕ್ಕದ ಪುಸ್ತಕ ಇದೆ, ಚೀಟಿ ವ್ಯವಹಾರ ಇದೆ. ಸೈನ್ಸಿನವ್ರು ಹಿತ್ತಲಿನ ಗಿಡ ಬರೆಸ್ಬೋದು.

ಈಗ ಟೈಪಿಂಗ್ ವಿಷಯ, ಇದು ಸಣ್ಣದು ಅನ್ಸುತ್ತೆ ಆದ್ರೆ ಅರ್ಧ ಜನ ಇಲ್ಲೇ ಮುಗ್ಗರಿಸೋದು. ನಮ್ಮ ವಯಸ್ಸಿನವ್ರು ಕಲ್ತಿದ್ದು ‘ನುಡಿ’, ‘ಬರಹ’ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರ್. 1998ರಲ್ಲಿ ಶೇಷಾದ್ರಿವಾಸು ಅವ್ರು ಬರಹ ತಂದ್ರು, ಆಮೇಲೆ ಕನ್ನಡ ಗಣಕ ಪರಿಷತ್ತಿನವ್ರ ನುಡಿ, ಅದಕ್ಕೆ ಆಧಾರ ಕೆ.ಪಿ. ರಾವ್ ಅವ್ರು ಮೊದಲೇ ರೂಪಿಸಿದ್ದ ಕೀಲಿಮಣೆ. ಕನ್ನಡಕ್ಕೆ ಇವ್ರು ಮಾಡಿರೋ ಉಪಕಾರ ಸಣ್ಣದಲ್ಲ. ಆದ್ರೆ ಹಳೇ ನುಡಿ ಫಾಂಟಲ್ಲಿ ಟೈಪ್ ಮಾಡಿದ್ದು ಕಂಪ್ಯೂಟರಿಗೆ ಕನ್ನಡ ಅಲ್ಲ, ಅದಕ್ಕೆ ಅದು ಇಂಗ್ಲಿಷ್ ಅಕ್ಷರಗಳೇ, ಮೇಲೆ ಕನ್ನಡದ ಚಿತ್ರ ಕೂರಿಸಿರುತ್ತೆ ಅಷ್ಟೆ. ಫಾಂಟ್ ಇಲ್ಲದ ಕಡೆ ತೆಗೆದ್ರೆ ಚಿತ್ರ ಕಳಚಿ ತಲೆಮೇಲೆ ಕೊಂಬು ಬಾಲ ಇರೋ ಇಂಗ್ಲಿಷ್ ಅಕ್ಷರ ಕಾಣ್ಸುತ್ತೆ. ಎಲ್ಲ ಭಾಷೆಗೂ ಸೇರಿ ಮಾಡಿರೋ ಅಕ್ಷರ ಸಂಕೇತ ಪದ್ಧತಿ ಯೂನಿಕೋಡಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಅದರದ್ದೇ ಸಂಖ್ಯೆ ಇದೆ, 1991ರ ಮೊದಲ ಆವೃತ್ತಿಯಿಂದಲೂ ಇದೆ. ನಮ್ಮ ಡಿಟಿಪಿ ಅಂಗಡಿಗಳಲ್ಲಿ, ಎಷ್ಟೋ ಪ್ರೆಸ್ಸುಗಳಲ್ಲಿ ಇವತ್ತಿಗೂ ಹಳೇ ಫಾಂಟೇ ನಡೀತಿದೆ. ನಮ್ಮ ಹಿರಿಯ ಮೇಷ್ಟ್ರುಗಳು ಕಷ್ಟಪಟ್ಟು ಬರೆದಿಟ್ಟ ಪಾಠದ ಟಿಪ್ಪಣಿ, ಲೇಖನ ಎಲ್ಲ ಹಾಗೇ ಫೈಲುಗಳಲ್ಲಿ ಕೂತಿದೆ, ಗೂಗಲ್ಲಲ್ಲಿ ಹುಡುಕಿದ್ರೆ ಒಂದು ಪದಾನೂ ಸಿಗಲ್ಲ. ಕನ್ವರ್ಟರ್‌ಗಳು ಸಿಗ್ತವೆ, ಉಚಿತವಾಗೇ ಸಿಗ್ತವೆ, ಹಾಕಿದ್ಮೇಲೆ ಅರ್ಕಾವತ್ತು ಒತ್ತಕ್ಷರ ಕಡೆ ಒಂದ್ಸಲ ಕಣ್ಣಾಡಿಸ್ಬೇಕು.

ಹುಡುಗ್ರಿಗೆ ಈ ಕಷ್ಟ ಇಲ್ಲ, ಅವ್ರ ಫೋನಿನ ಕೀಬೋರ್ಡ್ ಯೂನಿಕೋಡೇ. ಅವ್ರ ಕಷ್ಟ ಬೇರೆ, ಅವ್ರು ಕನ್ನಡನ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ಅಭ್ಯಾಸ. ಹಂಗಾಗಿ ಇಂಗ್ಲಿಷಲ್ಲಿ ಒತ್ತಿದ್ರೆ ಕನ್ನಡ ಬರೋ ಕೀಬೋರ್ಡ್ ಹಾಕಿಸ್ತೀನಿ, ಶುದ್ಧಾಂಗ ಕೀಲಿಮಣೆನೇ ಕಲೀರಿ ಅಂತ ಹಠ ಮಾಡಲ್ಲ. ಅದು ಸೂಚಿಸೋ ಪದ ಮಾತ್ರ ನೋಡಿ ಒತ್ತಬೇಕು, ‘ಹಾಲು’ ಅಂತ ಬರೆಯೋಕೆ ಹೋಗಿ ‘ಹಳು’ ಆಗಿರುತ್ತೆ. ಮಾತಾಡಿದ್ರೆ ಟೈಪ್ ಆಗೋದು 2017ರಿಂದ ಕನ್ನಡದಲ್ಲೂ ಇದೆ, ಅದನ್ನ ನಾನು ತುಂಬ ಬಳಸ್ತೀನಿ, ಯಾಕಂದ್ರೆ ಬರೀ ಅಂದ್ರೆ ‘ಆಗಿದ್ದು’ ‘ಲಾಗುತ್ತದೆ’ ಅಂತ ಶುರು ಮಾಡೋ ಹುಡುಗ ಫೋನಿಗೆ ಮಾತಾಡು ಅಂದ್ರೆ ತನ್ನ ಮಾತಲ್ಲೇ ಹೇಳ್ತಾನೆ. ಆ ಮಾತನ್ನ ತಿದ್ದೋದು ಸುಲಭ, ಸತ್ತ ವಾಕ್ಯ ತಿದ್ದೋದು ಕಷ್ಟ. ಮನೇಲಿ ಅಜ್ಜಿ ಹತ್ರ ಫೋನ್ ಹಿಡಿದು ಕೂತ್ರೆ ಅಜ್ಜಿ ಮಾತೂ ಟೈಪ್ ಆಗುತ್ತೆ, ನಮ್ಮ ಕಡೆ ಅಜ್ಜಿಯರ ಮಾತು ಅದಕ್ಕೆ ಪೂರ್ತಿ ಅರ್ಥ ಆಗಲ್ಲ, ಅದೊಂದು ತಮಾಷೆ ಬೇರೆ.

ನಿಘಂಟು ಬೇಕು ಅಂದ್ರೆ ವಿ. ಕೃಷ್ಣ ಅವ್ರು ವರ್ಷಗಟ್ಟಲೆ ಕೂತು ಮಾಡಿದ ಕನ್ನಡ ಇಂಗ್ಲಿಷ್ ನಿಘಂಟು ‘ಅಲರ್’ ಅಂತ 2019ರಿಂದ ನೆಟ್ಟಲ್ಲಿ ಇದೆ, ಒಂದೂವರೆ ಲಕ್ಷಕ್ಕೂ ಹೆಚ್ಚು ಪದ, ದುಡ್ಡಿಲ್ಲ ಕಾಸಿಲ್ಲ. ವಚನ ಪಾಠ ಮಾಡೋರಿಗೆ ‘ವಚನ ಸಂಚಯ’ ಇದೆ, ಒಂದು ಪದ ಕೊಟ್ರೆ ಅದು ಯಾವ್ಯಾವ ವಚನದಲ್ಲಿ ಬಂದಿದೆ ತೋರಿಸುತ್ತೆ. ‘ಬೆವರು’ ಯಾರ್ಯಾರು ಬಳಸಿದಾರೆ ಹುಡುಕ್ಕೊಂಡು ಬನ್ನಿ ಅಂತ ಹುಡುಗ್ರನ್ನ ಬಿಟ್ಟು ನೋಡಿ. ಆ ಒಂದು ಪೀರಿಯಡ್ ಸಾಕು, ಪಿಪಿಟಿ ಬೇಕಾಗಲ್ಲ.

ಚಾಟ್‌ಜಿಪಿಟಿ ಬಗ್ಗೆ ಕೇಳ್ತೀರಿ ಅಂತ ಗೊತ್ತು. 2022ರ ನವೆಂಬರಲ್ಲಿ ಬಂತು, ಈಗ ನಮ್ಮ ಹುಡುಗ್ರೆಲ್ಲರ ಫೋನಲ್ಲೂ ಇದೆ, ಅಥವಾ ಅದರ ತಮ್ಮ ಇದಾನೆ. ನಕಲು ಹಿಡಿಯೋ ಪ್ಲೇಜರಿಸಂ ಸಾಫ್ಟ್‌ವೇರ್ ತರಿಸೋಣ ಅಂತ ಕೆಲವ್ರು ಹೇಳ್ತಾರೆ. ಉನ್ನತ ಶಿಕ್ಷಣಕ್ಕೆ ನಿಯಮ ಮಾಡೋ ಯುಜಿಸಿಯ 2018ರ ನಿಯಮದಲ್ಲಿ ಹೋಲಿಕೆ ಹತ್ತು ಪರ್ಸೆಂಟ್ ದಾಟಬಾರದು ಅಂತೆಲ್ಲ ಇದೆ, ಅದು ಪಿಎಚ್‌ಡಿಯವ್ರ ತಲೆನೋವು. ನಮ್ಮ ಬಿಎ ಹುಡುಗನ ಎರಡು ಪುಟಕ್ಕೆ ಪೊಲೀಸ್ ಕೆಲಸ ಮಾಡೋಕೆ ನಂಗೆ ಇಷ್ಟ ಇಲ್ಲ. ಅದ್ರ ಬದಲು ಕ್ಲಾಸಲ್ಲೇ ಒಂದು ಆಟ ಆಡಿಸ್ತೀನಿ. ನಿಮ್ಮ ಊರಿನ ಜಾತ್ರೆ ಬಗ್ಗೆ ಅದನ್ನ ಕೇಳಿ ಅಂತೀನಿ. ಅದು ಚೆನ್ನಾಗೇ ಬರೆಯುತ್ತೆ, ಇಲ್ಲದ ರಥ ಎಳೆಸುತ್ತೆ, ಇಲ್ಲದ ದೇವಸ್ಥಾನ ಕಟ್ಟಿಸುತ್ತೆ, ನಮ್ಮ ಹುಡುಗನ ಊರಿನ ಮಾರಮ್ಮನಿಗೆ ಹೊಯ್ಸಳರ ಶಿಲ್ಪಕಲೆ ತಂದು ಹಾಕುತ್ತೆ. ಹುಡುಗ್ರು ಬಿದ್ದು ಬಿದ್ದು ನಗ್ತಾರೆ. ‘ಸರಿ, ಇದರಲ್ಲಿ ಏನೇನು ತಪ್ಪಿದೆ ಬರೀರಿ, ಸರಿ ಯಾವ್ದು ಅಂತನೂ ಬರೀರಿ’ ಅಂದ್ರೆ ಬರೆಯೋಕೆ ಶುರು ಮಾಡ್ತಾರೆ, ಪೆನ್ನು ನಿಲ್ಲಲ್ಲ. ತನಗೆ ಮಿಷಿನ್‌ಗಿಂತ ಜಾಸ್ತಿ ಗೊತ್ತಿದೆ ಅನ್ನೋದು ಅಲ್ಲೇ ಗೊತ್ತಾಗುತ್ತೆ. ಆಮೇಲೆ ಕಾಗುಣಿತ ನೋಡೋಕೆ ಅದನ್ನ ಬಳಸ್ಕೊಳ್ಳಿ, ನಂದೇನೂ ತಕರಾರಿಲ್ಲ. ಆದ್ರೆ ಮೊದಲ ಡ್ರಾಫ್ಟ್ ಅದರದ್ದಾದ್ರೆ ನಾನು ಕೇಳೋ ಪ್ರಶ್ನೆಗೆ ಉತ್ತರ ಬರಲ್ಲ, ಡಬ್ಬಕ್ಕೆ ಎಷ್ಟು ಅಂತ ಅದಕ್ಕೆ ಗೊತ್ತಿಲ್ಲ.

ಕಾಪಿರೈಟ್ ಬೇಗ ಮುಗಿಸ್ತೀನಿ. ಕನ್ನಡ ವಿಭಾಗದ ಬ್ಲಾಗ್ ಅಂದ ತಕ್ಷಣ ಕವಿತೆ ಪೂರ್ತಿ ಟೈಪ್ ಮಾಡಿ ಹಾಕೋದು ಒಂದು ಚಟ. ನಮ್ಮ ಕಾಯ್ದೆ ಪ್ರಕಾರ ಬರೆದವ್ರು ತೀರಿಹೋದ ಮೇಲೆ ಮುಂದಿನ ವರ್ಷದಿಂದ ಲೆಕ್ಕ ಹಾಕಿ 60 ವರ್ಷ ಹಕ್ಕು ಇರುತ್ತೆ. ಕುವೆಂಪು ಹೋಗಿದ್ದು 1994ರಲ್ಲಿ, ಅಂದ್ರೆ 2054 ಮುಗಿಯೋವರೆಗೆ. ಬೇಂದ್ರೆ 1981, ಹಾಗಾಗಿ 2041. ಬಿಎಂಶ್ರೀ 1946, ಪಂಜೆ ಮಂಗೇಶರಾಯರು 1937, ಇವ್ರದ್ದು ಧಾರಾಳವಾಗಿ ಹಾಕ್ಬೋದು. ಉಳಿದವ್ರದ್ದು ನಾಲ್ಕು ಸಾಲು ತಗೊಂಡು ಅದರ ಬಗ್ಗೆ ನಿಂದೇನು ಅಂತ ಬರಿ. ಹೇಗೂ ಪೂರ್ತಿ ಕವಿತೆ ನೆಟ್ಟಲ್ಲಿ ಹತ್ತು ಕಡೆ ಇದೆ, ನನ್ನ ನಿಯಮದ ಪ್ರಕಾರ ಅದು ಬೇಡವೇ ಬೇಡ. ಫೋಟೋನೂ ಗೂಗಲ್ಲಿಂದ ಎತ್ಬೇಡಿ, ಫೋನಲ್ಲಿ ಕ್ಯಾಮೆರಾ ಇದೆ.

ಇದಕ್ಕಿಂತ ಸೂಕ್ಷ್ಮ ವಿಷಯ ಇನ್ನೊಂದು. ನಿನ್ನ ಬದುಕನ್ನೇ ಬರಿ ಅಂದಮೇಲೆ ಆ ಬದುಕು ಬಯಲಿಗೆ ಬರುತ್ತೆ, ಅದ್ರ ಹೊಣೆ ನಮ್ಮದು. ಹುಡುಗಿಯರ ಹೆಸರು ಫೋಟೋ ಫೋನ್ ನಂಬರ್ ಹಾಕಿಸ್ಬೇಡಿ. ನಮ್ಮಲ್ಲಿ ಪ್ರತಿಯೊಬ್ರಿಗೂ ಬೇರೆ ಬೇರೆ ಬ್ಲಾಗ್ ಇಲ್ಲ, ವಿಭಾಗದ್ದು ಒಂದೇ ಬ್ಲಾಗ್, ಹೆಸರು ಬೇಕು ಅನ್ನೋರು ಹಾಕ್ತಾರೆ, ಬೇಡ ಅನ್ನೋರು ‘ಎರಡನೇ ಸೆಮಿಸ್ಟರ್ ವಿದ್ಯಾರ್ಥಿನಿ’ ಅಂತ ಹಾಕ್ತಾರೆ. ಮೊದಲ ವರ್ಷದಲ್ಲಿ ಕೆಲವ್ರಿಗೆ ಹದಿನೆಂಟು ತುಂಬಿರಲ್ಲ, 2023ರ ದತ್ತಾಂಶ ರಕ್ಷಣೆ ಕಾಯ್ದೆಲಿ ಅಂಥವ್ರ ಮಾಹಿತಿಗೆ ಅಪ್ಪ ಅಮ್ಮನ ಒಪ್ಪಿಗೆ ಅಂತ ಇದೆ, ಅದು ನೆನಪಿರಲಿ. ಕಾಮೆಂಟುಗಳನ್ನ ನಾವು ಒಪ್ಪಿದ ಮೇಲೇ ಕಾಣೋ ಹಾಗೆ ಇಡಿ. ಜಾತಿ ಹೆಸರು ಬಂದ ಕಡೆ, ಮನೆ ಜಗಳ ಬಂದ ಕಡೆ ಎರಡು ದಿನ ತಡೆದು ಹುಡುಗ್ರ ಜೊತೆ ಕೂತು ಮಾತಾಡಿ. ಆ ಅಡಿಕೆ ಬರಹದಲ್ಲಿ ಯಜಮಾನ್ರ ಮನೆ ಯಾವ್ದು ಅನ್ನೋದನ್ನ ಅವಳೇ ತೆಗೆದ್ಲು, ಮುಂದಿನ ವರ್ಷ ಅಮ್ಮ ಅಲ್ಲಿಗೇ ಕೆಲಸಕ್ಕೆ ಹೋಗ್ಬೇಕಲ್ಲ.

ಒಬ್ಬ ಹುಡುಗ ತಾನಿರೋ ಹಾಸ್ಟೆಲ್ಲಿನ ಊಟದ ಬಗ್ಗೆ ಬರೆದ. ಚೆನ್ನಾಗೇ ಬರೆದಿದ್ದ, ಬೈಗುಳ ಒಂದೂ ಇರಲಿಲ್ಲ, ಸೋಮವಾರದಿಂದ ಭಾನುವಾರದವರೆಗೆ ಏನೇನು ಸಿಕ್ತು ಅಂತ ಬರೆದಿದ್ದ ಅಷ್ಟೆ. ಮಾರನೇ ದಿನ ಸಂಬಂಧಪಟ್ಟವ್ರು ಫೋನ್ ಮಾಡಿ ಇದನ್ನ ತೆಗೆಸಿ ಅಂದ್ರು. ತೆಗೆಸಲಿಲ್ಲ. ಇದರಲ್ಲಿ ಯಾವ್ದು ಸುಳ್ಳು ಅಂತ ಬರೆದು ಕೊಡಿ, ಅದನ್ನೂ ಅದರ ಕೆಳಗೇ ಹಾಕ್ತೀವಿ ಅಂದ್ವಿ. ಬರೆದು ಕೊಡಲಿಲ್ಲ. ಊಟ ಸುಧಾರಿಸ್ತಾ ಅಂತ ಕೇಳ್ಬೇಡಿ, ಒಂದು ತಿಂಗಳು ಸುಧಾರಿಸ್ತು. ಇಂಥದ್ದು ಬಂದಾಗ ಪ್ರಿನ್ಸಿಪಾಲ್ರು ಜೊತೆಗೆ ನಿಲ್ಲೋ ಹಾಗಿರ್ಬೇಕು, ಅದಕ್ಕೆ ಶುರು ಮಾಡೋ ಮೊದಲೇ ಅವ್ರಿಗೆ ನಾಲ್ಕು ಪೋಸ್ಟ್ ಓದಿಸಿಬಿಡಿ.

ಮಾರ್ಕ್ಸ್ ಹೇಗೆ ಕೊಡ್ತೀರಿ ಅಂತ ನಿನ್ನೆ ಊಟದ ಹೊತ್ತಲ್ಲಿ ಒಬ್ರು ಕೇಳಿದ್ರು. ಚೆನ್ನಾಗಿರೋ ಬರಹಕ್ಕೆ ಕೊಡಲ್ಲ, ಹಂಗೆ ಕೊಟ್ರೆ ಮೊದಲೇ ಚೆನ್ನಾಗಿ ಬರೆಯೋನಿಗೆ ಎಲ್ಲ ಹೋಗುತ್ತೆ. ಮೊದಲ ಡ್ರಾಫ್ಟಿಗೂ ಎರಡನೇದಕ್ಕೂ ಎಷ್ಟು ವ್ಯತ್ಯಾಸ ಅನ್ನೋದಕ್ಕೆ ಕೊಡ್ತೀನಿ. ಗೂಗಲ್ ಡಾಕ್ಸಲ್ಲಿ ಬರೆಸಿದ್ರೆ ಹಳೇ ರೂಪ ಎಲ್ಲ ಉಳಿದಿರುತ್ತೆ, ಯಾವತ್ತು ಏನು ತಿದ್ದಿದ ಕಾಣುತ್ತೆ, ಒಂದೇ ಸಲಕ್ಕೆ ಪೂರ್ತಿ ಎಲ್ಲಿಂದಲೋ ತಂದು ಸುರಿದಿದ್ರೆ ಅದೂ ಕಾಣುತ್ತೆ. ಎಂಬತ್ತು ಹುಡುಗ್ರದ್ದು ಓದೋಕೆ ನಿಮ್ಮ ಕೈಲಿ ಆಗುತ್ತಾ? ಆಗಲ್ಲ. ಸಿಲಬಸ್ ಮುಗೀಬೇಕು, ವಿಶ್ವವಿದ್ಯಾಲಯದ ಯುಯುಸಿಎಂಎಸ್ ಪೋರ್ಟಲಲ್ಲಿ ಅಂಕ ಏರಿಸ್ಬೇಕು, ಕಾಲೇಜಿಗೆ ಮಾನ್ಯತೆ ಕೊಡೋ ನ್ಯಾಕಿನ ಫೈಲಿಗೆ ಜಾಗದ ಗುರುತಿರೋ ಜಿಯೋಟ್ಯಾಗ್ ಫೋಟೋ ತೆಗೀಬೇಕು. ಅದಕ್ಕೆ ವಾರಕ್ಕೆ ಕೆಲವ್ರದ್ದು ಮಾತ್ರ ತಗೊಂತೀನಿ, ಮೊದಲ ಓದು ಹುಡುಗ್ರೇ ಒಬ್ರಿಗೊಬ್ರು ಮಾಡ್ತಾರೆ, ಓದಿದವ್ರು ‘ಸೂಪರ್’ ಅಂತ ಬರೆಯೋ ಹಂಗಿಲ್ಲ, ಮೂರು ಪ್ರಶ್ನೆ ಕೇಳ್ಬೇಕು. ನಾನು ಕೇಳೋದಕ್ಕಿಂತ ಒಳ್ಳೆ ಪ್ರಶ್ನೆ ಅವ್ರೇ ಕೇಳ್ತಾರೆ, ಬಯಲು ಕಡೆಯ ಹುಡುಗನಿಗೆ ಚೊಗರು ಅಂದ್ರೆ ಏನು ಅನ್ನೋದು ನಿಜವಾಗ್ಲೂ ಗೊತ್ತಿರಲ್ಲ. ಅಂದಹಾಗೆ ನ್ಯಾಕಿನ ‘ಬೆಸ್ಟ್ ಪ್ರಾಕ್ಟೀಸ್’ ಕಾಲಮ್ಮಿಗೆ ಬ್ಲಾಗ್ ಬಹಳ ಚೆನ್ನಾಗಿ ಹೊಂದುತ್ತೆ, ಪ್ರಿನ್ಸಿಪಾಲ್ರನ್ನ ಒಪ್ಪಿಸೋಕೆ ಅದನ್ನೂ ಹೇಳಿ, ಸಂಕೋಚ ಬೇಡ.

ವಿಕಿಪೀಡಿಯಾಕ್ಕೆ ಬರೆಸ್ಬೋದಲ್ವಾ ಅಂತ ಕೇಳ್ತಾರೆ. ಖಂಡಿತ ಬರೆಸಿ. ಕನ್ನಡ ವಿಕಿಪೀಡಿಯಾ 2003ರಿಂದ ಇದೆ, ಬೆಂಗಳೂರಿನ ಕ್ರೈಸ್ಟ್, ಮೂಡುಬಿದಿರೆಯ ಆಳ್ವಾಸ್ ಇಂಥ ಕಡೆ ವಿದ್ಯಾರ್ಥಿಗಳಿಂದ ಬರೆಸಿದಾರೆ. ಆದ್ರೆ ಅಲ್ಲಿ ಪ್ರತಿ ಮಾತಿಗೂ ಅಚ್ಚಾದ ಆಧಾರ ಬೇಕು, ನಮ್ಮಮ್ಮ ಹೇಳಿದ್ಲು ಅಂದ್ರೆ ಆಗಲ್ಲ. ಅಲ್ಲಿ ಆಧಾರ ಹುಡುಕೋದು ಕಲೀತಾರೆ, ಇಲ್ಲಿ ತಾವೇ ಕಂಡಿದ್ದನ್ನ ಹೇಳೋದು ಕಲೀತಾರೆ. ಮೂರನೇ ವರ್ಷದವ್ರಿಗೆ ಅದು, ಮೊದಲ ವರ್ಷದವ್ರಿಗೆ ಇದು ಅಂತ ನನ್ನ ಲೆಕ್ಕ.

(ಆಮೇಲೆ ಪ್ರಶ್ನೋತ್ತರ ಇತ್ತು, ಎರಡನ್ನ ಮಾತ್ರ ಹಾಕ್ತಿದೀನಿ.)

ರೀಲ್ಸ್ ಕಾಲದಲ್ಲಿ ಬ್ಲಾಗ್ ಯಾರು ಓದ್ತಾರೆ ಸರ್ ಅಂತ ಹಿಂದಿನ ಸಾಲಿಂದ ಒಬ್ರು ಮೇಡಂ ಕೇಳಿದ್ರು. ಕಡಿಮೆ ಜನ ಓದ್ತಾರೆ ಮೇಡಂ. ರೀಲ್ಸ್ ಮಾಡೋರು ಮಾಡ್ಲಿ, ಆ ಲಾಂಚ್ ಹುಡುಗ ಮಾಡಿದ್ದ, ಚೆನ್ನಾಗೇ ಓಡ್ತು, ಮೂರು ದಿನಕ್ಕೆ ಕೆಳಗೆ ಹೋಯ್ತು. ಅವನು ಬರೆದಿದ್ದನ್ನ ಜನ ಇವತ್ತಿಗೂ ಊರಿನ ಹೆಸರು ಕೊಟ್ಟು ಹುಡುಕ್ಕೊಂಡು ಬರ್ತಾರೆ, ಹೊರಗೆ ಹೋಗಿ ನೆಲೆಸಿರೋ ಅದೇ ಊರಿನವ್ರು. ಮುಳುಗಡೆ ಆದಾಗ ಎಲ್ಲೆಲ್ಲೋ ಹೋದ ಮನೆಯವ್ರ ಮೊಮ್ಮಗ ಒಬ್ರು ಕೆಳಗೆ ಕಾಮೆಂಟ್ ಹಾಕಿ ‘ನಮ್ಮಜ್ಜನ ಊರಿನ ಹೆಸರು ಇದರಲ್ಲಿದೆ, ಅಲ್ಲಿ ಈಗ ಯಾರಿದ್ದಾರೆ’ ಅಂತ ಕೇಳಿದ್ರು. ಹುಡುಗ ಮನೇಲಿ ವಿಚಾರಿಸಿ ಉತ್ತರ ಬರೆದ, ಪೋಸ್ಟಿಗಿಂತ ಆ ಉತ್ತರ ಉದ್ದ ಇದೆ.

ಇನ್ನೊಬ್ರು ಸರ್, ‘ನನಗೆ ಈ ಸಲ ಟ್ರಾನ್ಸ್‌ಫರ್ ಕೌನ್ಸೆಲಿಂಗ್ ಇದೆ, ಶುರು ಮಾಡ್ಲಾ ಬೇಡ್ವಾ’ ಅಂದ್ರು. ಮಾಡಿ ಸರ್. ಆದ್ರೆ ನಿಮ್ಮ ಸ್ವಂತ ಜಿಮೇಲಲ್ಲಿ ಬ್ಲಾಗ್ ತೆರೀಬೇಡಿ, ವಿಭಾಗಕ್ಕೇ ಒಂದು ಮೇಲ್ ಐಡಿ ಮಾಡಿ, ಪಾಸ್‌ವರ್ಡ್ ಬರೆದು ಪ್ರಿನ್ಸಿಪಾಲ್ರ ಹತ್ರ ಕವರಲ್ಲಿ ಕೊಡಿ, ಇನ್ನೊಬ್ರು ಅಧ್ಯಾಪಕರನ್ನ ಅಡ್ಮಿನ್ ಮಾಡಿ. ಎಷ್ಟೋ ಕಾಲೇಜುಗಳ ಬ್ಲಾಗ್ ಮೇಷ್ಟ್ರು ವರ್ಗ ಆದ ದಿನವೇ ನಿಂತುಹೋಗಿದೆ. ಸೆಮಿಸ್ಟರ್ ಮುಗಿದಾಗೆಲ್ಲ ಸೆಟ್ಟಿಂಗ್ಸಿಗೆ ಹೋಗಿ ಬ್ಯಾಕಪ್ ಇಳಿಸ್ಕೊಂಡು ಲೈಬ್ರರಿ ಕಂಪ್ಯೂಟರಲ್ಲಿ ಒಂದು ಪ್ರತಿ ಇಡಿ, ವೆಬ್ ಪುಟಗಳನ್ನ ಕಾಪಿಡೋ ಇಂಟರ್ನೆಟ್ ಆರ್ಕೈವಿಗೆ ಒಂದೊಂದು ಲಿಂಕ್ ಕೊಟ್ಟು ಸೇವ್ ಮಾಡಿಸಿ, ಅದು ಉಚಿತ, ಒಂದು ಮಧ್ಯಾಹ್ನದ ಕೆಲಸ. ಫೋಟೋಗಳು ಬ್ಯಾಕಪ್ ಫೈಲಲ್ಲಿ ಬರಲ್ಲ, ಅವನ್ನ ಬೇರೆ ಫೋಲ್ಡರಿಗೆ ಹಾಕ್ಕೊಳ್ಳಿ.